ಓವರ್‌ಫ್ಲೋ ಪೈಪಿನ ಗುಳುಗುಳು, ಮತ್ತು ‘ಅದಕ್ಕೆ ಪೇಟೆಂಟ್ ಐತಿ’ ಎಂಬ ಮಾತು

ಓದುಗರ ಪ್ರಶ್ನೆ: “ಸರ್, ನಮ್ಮದು ಗಂಗಾವತಿ. ಮನೆಯಲ್ಲಿ 4 ಅಡಿ ಉದ್ದ, ಒಂದೂವರೆ ಅಡಿ ಅಗಲದ ಸಿಹಿನೀರಿನ ಮೀನಿನ ಟ್ಯಾಂಕ್ ಐತ್ರಿ. ಮೂಲೆಯಲ್ಲಿ ಓವರ್‌ಫ್ಲೋ ಬಾಕ್ಸ್. ಅದರ ತಳದಲ್ಲಿ 1 ಇಂಚಿನ ಎರಡು ತೂತು. ಒಂದಕ್ಕೆ ಡುರ್ಸೊ ಪೈಪು, ಇನ್ನೊಂದಕ್ಕೆ ರಿಟರ್ನ್. ಮೊದಲ ಮೂರು ತಿಂಗಳು ಸದ್ದೇ ಇರಲಿಲ್ಲ. ಈಗ ಎರಡು ಮೂರು ನಿಮಿಷಕ್ಕೊಮ್ಮೆ ಗುಳುಗುಳು ಅಂತ ನೀರೆಲ್ಲ ಎಳ್ಕೊಂಡು ನಿಲ್ತೈತಿ. ಒಂದ್ಸಲ ಪೈಪಿಗೆ ಎಲೆ ಸಿಕ್ಕಿ ನೀರು ನೆಲಕ್ಕೆ ಹರೀತು. ಅದಕ್ಕೇ ನಾನೊಂದು ಉಪಾಯ ಮಾಡಿದೆ. ಡುರ್ಸೊ ಕ್ಯಾಪಿನ ಗಾಳಿತೂತಿನ ಪಕ್ಕ ಥರ್ಮೊಕೋಲ್ ಫ್ಲೋಟ್ ಇರುವ ಸಣ್ಣ ಸನ್ನೆ. ಬಾಕ್ಸಿನಲ್ಲಿ ನೀರು ಏರಿದರೆ ಫ್ಲೋಟ್ ಎದ್ದು ರಬ್ಬರ್ ಬಿಲ್ಲೆಯನ್ನು ತೂತಿಗೆ ಒತ್ತುತ್ತದೆ. ಗಾಳಿ ನಿಂತು ಪೈಪು ಸೈಫನ್ ಆಗಿ ಜೋರಾಗಿ ಎಳೆಯುತ್ತದೆ. ಎಂಟು ತಿಂಗಳ ಹಿಂದೆ ಕ್ಯಾಪ್ ಬಿಚ್ಚಿ ಒಳಗಿನದೆಲ್ಲ ತೋರಿಸಿ ಯೂಟ್ಯೂಬಿನಲ್ಲಿ ವಿಡಿಯೊ ಹಾಕೀನಿ. ಇಲ್ಲಿ ಮತ್ತು ಸಿಂಧನೂರಲ್ಲಿ ಆರು ಮಂದಿಗೆ ಮಾಡಿಕೊಟ್ಟು ದುಡ್ಡೂ ತಗೊಂಡೀನಿ. ಈಗ ಬಳ್ಳಾರಿಯ ಒಬ್ಬ ಅಂಗಡಿಯವರು, ‘ಇಂಥ ಓವರ್‌ಫ್ಲೋಗೆ ಪೇಟೆಂಟ್ ಐತಿ, ಮಾಡಿ ಮಾರಿದರೆ ಕೇಸಾಗ್ತೈತಿ’ ಅಂತಾರೆ. ಗೆಳೆಯರು ನೀನೇ ಪೇಟೆಂಟ್ ಮಾಡಿಸು ಅಂತಾರೆ. ನಾನು ಮಾಡಿಸಬಹುದಾ? ಬೇರೆಯವರು ನನ್ನದನ್ನು ಮಾಡಿಸಿಬಿಟ್ಟರೆ?”

ಉತ್ತರ:

ನಿಮ್ಮ ಪತ್ರದಲ್ಲಿ ಸದ್ದು, ನೆಲಕ್ಕೆ ಹರಿದ ನೀರು, ಹಕ್ಕು ಎಂಬ ಮೂರು ಚಿಂತೆಗಳು ಹೆಣೆದುಕೊಂಡಿವೆ. ಪೇಟೆಂಟ್ ವಿಷಯ ಬೇಗ ತೀರುತ್ತದೆ ಎಂದು ನಿಮಗೆ ಅನ್ನಿಸಿರಬಹುದು, ಆದರೆ ಅದಕ್ಕೆ ಉತ್ತರ ಸಿಗುವುದು ಪೈಪಿನ ಒಳಗೇ. ಆದ್ದರಿಂದ ಪೈಪಿನಿಂದಲೇ ಶುರುಮಾಡುತ್ತೇನೆ. ಹೊಸಬರಿಗೆ ಒಂದು ಮಾತು: ಟ್ಯಾಂಕಿನ ನೀರು ಕೋಡಿಯ ಅಂಚು ದಾಟಿ ಓವರ್‌ಫ್ಲೋ ಬಾಕ್ಸಿಗೆ ಬೀಳುತ್ತದೆ, ಅಲ್ಲಿಂದ ಇಳಿಪೈಪಿನಲ್ಲಿ ಕೆಳಗಿರುವ ‘ಸಂಪ್’ ಎಂಬ ತೊಟ್ಟಿಗೆ ಇಳಿಯುತ್ತದೆ, ಅಲ್ಲಿನ ಪಂಪ್ ಅದನ್ನು ರಿಟರ್ನ್ ಪೈಪಿನಲ್ಲಿ ಮತ್ತೆ ಮೇಲಕ್ಕೆ ಕಳಿಸುತ್ತದೆ.

ಮೂರು ತಿಂಗಳು ಸುಮ್ಮನಿದ್ದು ಆಮೇಲೆ ಸದ್ದು ಶುರುವಾಯಿತು ಎಂದಿದ್ದೀರಿ. ರೋಗದ ಗುರುತು ಅದರಲ್ಲೇ ಇದೆ. ಡುರ್ಸೊ ಎಂದರೆ ನಿಂತ ಪೈಪಿನ ತಲೆಗೆ ಒಂದು ಟೀ, ಟೀಯ ಪಕ್ಕದ ಬಾಯಿಗೆ ಕೆಳಮುಖದ ಎಲ್ಬೋ, ಮೇಲಿನ ಬಾಯಿಗೆ ಎಂಡ್ ಕ್ಯಾಪ್, ಕ್ಯಾಪಿನಲ್ಲಿ ಸಣ್ಣ ತೂತು. ನೀರು ಪೈಪಿನ ಗೋಡೆಗಂಟಿ ಇಳಿಯಬೇಕು, ನಡುವೆ ಗಾಳಿ ಇರಬೇಕು. ನೀರಿನ ಪಾಲು ಪೈಪಿನ ಕಾಲುಭಾಗವನ್ನು ಮೀರುತ್ತ ಹೋದಂತೆ ಅಲ್ಲಲ್ಲಿ ನೀರು ಪೈಪನ್ನು ಅಡ್ಡಕ್ಕೆ ಮುಚ್ಚಿ ಬಿರಡೆಯಂತಾಗುತ್ತದೆ. ಅದು ಬೀಳುವಾಗ ಹಿಂದಿನ ಗಾಳಿಯನ್ನೂ ಎಳೆದುಕೊಂಡು ಹೋಗುತ್ತದೆ. ಕ್ಯಾಪಿನ ತೂತಿನಿಂದ ಅಷ್ಟೇ ಗಾಳಿ ಒಳಬಂದರೆ ತಂಟೆಯಿಲ್ಲ. ಬರದಿದ್ದರೆ ಪೈಪು ಪೂರ್ತಿ ತುಂಬಿ ಸೈಫನ್ ಆಗುತ್ತದೆ.

1 ಇಂಚಿನ ಪೈಪು 70 ಸೆಂ.ಮೀ. ಇಳಿತದಲ್ಲಿ ಪೂರ್ತಿ ಸೈಫನ್ ಆದರೆ ಎಲ್ಬೋ, ಟೀಗಳ ತಡೆಯನ್ನು ಕಳೆದ ಮೇಲೂ ಗಂಟೆಗೆ 3000 ಲೀಟರಿನ ಆಸುಪಾಸು ಎಳೆಯಬಲ್ಲದು. ನಿಮ್ಮ ಪಂಪ್ ಅಷ್ಟು ಕೊಡುವುದಿಲ್ಲ. ಬಾಕ್ಸ್ ಸರಕ್ಕನೆ ಖಾಲಿಯಾಗಿ, ಎಲ್ಬೋ ಬಾಯಿ ಗಾಳಿ ನುಂಗಿ, ಸೈಫನ್ ಕಡಿದು, ಮತ್ತೆ ಬಾಕ್ಸ್ ತುಂಬುವವರೆಗೆ ಕಾಯುತ್ತದೆ. ಎರಡು ಮೂರು ನಿಮಿಷಕ್ಕೊಮ್ಮೆ ಕೇಳುವ ಗುಳುಗುಳು ಇದೇ. ಮೊದಲ ಮೂರು ತಿಂಗಳು ಇಲ್ಲದ್ದು ಆಮೇಲೆ ಬಂದಿದೆ ಎಂದರೆ ಗಾಳಿತೂತು ಚಿಕ್ಕದಾಗಿದೆ. ಬೋರ್‌ವೆಲ್ ನೀರು ಬಳಸುವ ಮನೆಯಾದರೆ ಕಾರಣ ಹುಡುಕಬೇಕಿಲ್ಲ. ತುಂತುರು ಬಿದ್ದು ಒಣಗಿ, ಬಿದ್ದು ಒಣಗಿ ತೂತಿನ ಅಂಚಿಗೆ ಬಿಳಿ ಸುಣ್ಣ ಕಟ್ಟುತ್ತದೆ. 4 ಮಿ.ಮೀ. ತೂತು 2 ಮಿ.ಮೀ. ಆದರೆ ಗಾಳಿಯ ದಾರಿ ಕಾಲುಭಾಗಕ್ಕೆ ಇಳಿಯುತ್ತದೆ. ಕ್ಯಾಪನ್ನು ಬಿಳಿ ವಿನೆಗರಿನಲ್ಲಿ ಒಂದು ರಾತ್ರಿ ನೆನೆಸಿ, ಹಳೆ ಟೂತ್‌ಬ್ರಷ್‌ನಲ್ಲಿ ತಿಕ್ಕಿ, ತೊಳೆದು ಹಾಕಿ. ಸದ್ದು ನಿಂತರೆ ಕಾಯಿಲೆ ಅದೇ.

ಇಲ್ಲಿ ಹಲವರು ಹೇಳುವ ಎರಡು ಉಪಾಯಗಳಿವೆ. ಮೊದಲನೆಯದು, ದಪ್ಪ ಪೈಪು ಹಾಕಿದರೆ ಸದ್ದಿಲ್ಲ ಎನ್ನುವುದು. ಅರ್ಧ ನಿಜ: ಒಂದೂಕಾಲು ಇಂಚಿನ ಪೈಪಿನಲ್ಲಿ ಅದೇ ನೀರಿಗೆ ಗಾಳಿಯ ಜಾಗ ಹೆಚ್ಚು, ಗುಳುಗುಳು ಕಡಿಮೆ, ಆದರೆ ಒಳಗೆ ಜಲಪಾತದ ಸದ್ದು ಇದ್ದೇ ಇರುತ್ತದೆ. ಎರಡನೆಯದು ಅಪಾಯದ್ದು. ಡುರ್ಸೊ ಕೆಳಗೆ ಬಾಲ್ ವಾಲ್ವ್ ಹಾಕಿ ಬಿಗಿ ಮಾಡಿ ಎನ್ನುತ್ತಾರೆ. ಸದ್ದು ನಿಜವಾಗಿಯೂ ನಿಲ್ಲುತ್ತದೆ, ಏಕೆಂದರೆ ಆಗ ಪೈಪು ಅಳತೆಗೆ ಬಿಗಿದ ಸೈಫನ್ ಆಗಿರುತ್ತದೆ. ಆದರೆ ಒಂದೇ ಪೈಪಿರುವ ಬಾಕ್ಸಿನಲ್ಲಿ ಬಿಗಿದ ವಾಲ್ವಿನ ಸಂದಿಗೆ ಒಂದು ಬಸವನಹುಳು ಬಂದು ಕೂತರೂ ನೀರು ನೆಲಕ್ಕೆ. ಒಂಟಿ ಪೈಪಿಗೆ ವಾಲ್ವ್ ಹಾಕಲೇಬೇಡಿ.

ನಿಮ್ಮ ಫ್ಲೋಟಿನ ವಿಷಯ

ಯೋಚನೆ ಚುರುಕಾಗಿದೆ. ನೀರು ಏರಿದಾಗ ಗಾಳಿ ಮುಚ್ಚಿದರೆ ಪೈಪಿನ ಸಾಮರ್ಥ್ಯ ಎರಡು ಮೂರು ಪಟ್ಟಾಗುತ್ತದೆ ಎಂಬ ತತ್ವ ಸರಿ. ಆದರೆ ಇದೇ ಕೆಲಸವನ್ನು ಚಲಿಸುವ ಭಾಗವೇ ಇಲ್ಲದೆ ಮಾಡುವ ವಿನ್ಯಾಸ ಹವ್ಯಾಸಿಗಳಲ್ಲಿ ಬಹುಕಾಲದಿಂದ ಇದೆ. ಬೀನ್‌ಅನಿಮಲ್ ಎಂದು ಕರೆಯುವ ಮೂರು ಪೈಪಿನ ಜೋಡಣೆ ಅದು. ಮೊದಲ ಪೈಪು ಗೇಟ್ ವಾಲ್ವ್ ಇರುವ ಪೂರ್ತಿ ಸೈಫನ್. ಎರಡನೆಯದು ಡುರ್ಸೊದಂಥ ತೆರೆದ ಪೈಪು, ತೆಳು ಧಾರೆಯಷ್ಟೇ ಹೊರುತ್ತದೆ. ಮೂರನೆಯದು ಒಣಗಿದ್ದು, ಆಪತ್ತಿಗೆ. ಎರಡನೆಯ ಪೈಪಿನ ಕ್ಯಾಪಿನಿಂದ ಒಂದು ಸಣ್ಣ ಗಾಳಿನಳಿಗೆ ಬಾಗಿ ಬಂದು, ಮಾಮೂಲಿ ನೀರಿನ ಮಟ್ಟಕ್ಕಿಂತ ಸುಮಾರು 2 ಸೆಂ.ಮೀ. ಮೇಲೆ ಬಾಯಿ ತೆರೆದು ನಿಂತಿರುತ್ತದೆ. ಮೊದಲ ಪೈಪು ಕಟ್ಟಿ ನೀರು ಏರಿದರೆ ಆ ಬಾಯಿ ಮುಳುಗುತ್ತದೆ, ಗಾಳಿ ನಿಲ್ಲುತ್ತದೆ, ಎರಡನೆಯದು ತಾನೇ ಸೈಫನ್ ಆಗುತ್ತದೆ. ನಿಮ್ಮ ಸನ್ನೆ, ಫ್ಲೋಟ್, ರಬ್ಬರ್ ಬಿಲ್ಲೆ ಮಾಡುವುದನ್ನು ಅಲ್ಲಿ ನೀರಿನ ಮಟ್ಟವೇ ಮಾಡುತ್ತದೆ.

ಇನ್ನು ಫ್ಲೋಟ್ ಕೈಕೊಡುವ ಬಗೆ. ಅದು ಮುಚ್ಚಿದ ಸ್ಥಿತಿಯಲ್ಲಿ ಸಿಕ್ಕಿಕೊಂಡರೆ ಗುಳುಗುಳು ಹೆಚ್ಚುತ್ತದೆ, ನಿಮಗೆ ಕೂಡಲೇ ಗೊತ್ತಾಗುತ್ತದೆ, ನೀರು ಚೆಲ್ಲುವುದಿಲ್ಲ. ತೆರೆದ ಸ್ಥಿತಿಯಲ್ಲಿ ಸಿಕ್ಕಿಕೊಂಡರೆ ಏನೂ ಗೊತ್ತಾಗುವುದಿಲ್ಲ. ಬೇಕಾದ ದಿನವೇ ಅದು ಏಳುವುದಿಲ್ಲ. ಸುಣ್ಣ ಕಟ್ಟುವ ನೀರಿನಲ್ಲಿ ಸನ್ನೆಯ ಕೀಲು ಮೊದಲು ಬಿಗಿಯುವುದೂ ಹೀಗೆ ತೆರೆದ ಸ್ಥಿತಿಯಲ್ಲೇ, ಏಕೆಂದರೆ ವರ್ಷದ ಬಹುಪಾಲು ಅದು ಅಲ್ಲಾಡದೆ ಹಾಗೇ ಇರುತ್ತದೆ. ಥರ್ಮೊಕೋಲ್ ಕೂಡ ಪುಡಿಯಾಗಿ ಉದುರುತ್ತದೆ. ಎರಡೂ ಕಡೆ ಕ್ಯಾಪ್ ಅಂಟಿಸಿದ ಪಿವಿಸಿ ತುಂಡು ಅದಕ್ಕಿಂತ ಮೇಲು. ಎಲ್ಲಕ್ಕಿಂತ ಮುಖ್ಯವಾಗಿ, ಎಲೆ ಸಿಕ್ಕಿಕೊಂಡಿದ್ದು ಪೈಪಿನ ಬಾಯಿಗೆ. ಬಾಯಿ ಕಟ್ಟಿದ ಪೈಪಿಗೆ ಸೈಫನ್ ಬಲ ಸ್ವಲ್ಪ ನೆರವಾಗಬಹುದು, ಪೂರ್ತಿ ಮುಚ್ಚಿದರೆ ಏನೂ ಇಲ್ಲ. ಫ್ಲೋಟ್ ಎಷ್ಟೇ ಒಳ್ಳೆಯದಿರಲಿ, ಎರಡನೆಯ ಪೈಪಿನ ಜಾಗ ತುಂಬುವುದಿಲ್ಲ.

ನಿಮ್ಮ ಮುಂದಿರುವ ದಾರಿಗಳು

ಈಗಿನ ಡುರ್ಸೊವನ್ನೇ ಇಟ್ಟುಕೊಂಡು ತಿಂಗಳಿಗೊಮ್ಮೆ ಕ್ಯಾಪ್ ತೊಳೆದು, ಪಂಪನ್ನು ಗಂಟೆಗೆ 1000 ಲೀಟರಿಗೆ ಇಳಿಸಬಹುದು. ಖರ್ಚಿಲ್ಲ, ಸದ್ದು ಸಾಕಷ್ಟು ತಗ್ಗುತ್ತದೆ, ಆದರೆ ಎಲೆ ಸಿಕ್ಕರೆ ಮತ್ತೆ ಅದೇ ಕಥೆ. ಒಂಟಿ ಪೈಪಿನ ಮೇಲೆ ಮನೆ ಬಿಟ್ಟು ಊರಿಗೆ ಹೋಗಿ ಎಂದು ನಾನಂತೂ ಹೇಳುವುದಿಲ್ಲ.

ನಿಮ್ಮ ಟ್ಯಾಂಕಿಗೆ ನಾನು ಹೇಳುವುದು ಹರ್ಬಿ ಎಂಬ ಎರಡು ಪೈಪಿನ ಜೋಡಣೆ. ತೂತು ಕೊರೆಯಬೇಕಿಲ್ಲ, ಈಗಿರುವ ಎರಡು ತೂತನ್ನೂ ಇಳಿಪೈಪುಗಳಿಗೇ ಬಿಟ್ಟುಕೊಟ್ಟು, ರಿಟರ್ನ್ ಲೈನನ್ನು ಹಿಂಬದಿ ಗಾಜಿನ ಮೇಲಿಂದ ತನ್ನಿ.

ಮೊದಲು ಪಂಪ್ ನಿಜವಾಗಿ ಎಷ್ಟು ಕೊಡುತ್ತದೆಂದು ಅಳೆಯಿರಿ. ಡಬ್ಬಿಯ ಮೇಲಿನ ಅಂಕಿ ಎತ್ತರವಿಲ್ಲದಾಗಿನದು. ರಿಟರ್ನ್ ಬಾಯಿಯನ್ನು ಟ್ಯಾಂಕಿನ ಎತ್ತರದಲ್ಲೇ ಹಿಡಿದು 20 ಲೀಟರಿನ ಬಕೆಟ್ ತುಂಬಿಸಿ. 40 ಸೆಕೆಂಡಿಗೆ ತುಂಬಿದರೆ ಗಂಟೆಗೆ 1800 ಲೀಟರ್. ಈ ಗಾತ್ರದ ಟ್ಯಾಂಕಿಗೆ ಇದಕ್ಕಿಂತ ಹೆಚ್ಚು ಬೇಡ.

ಬಾಕ್ಸಿನ ಒಂದು ತೂತಿಗೆ ಗಿಡ್ಡ ಪೈಪು ಹಾಕಿ, ತಲೆಗೆ ಜಾಲರಿ ಹಾಕಿ. ಇದು ಸೈಫನ್. ಬಾಕ್ಸಿನೊಳಗಿನ ನೀರಿನ ಮಟ್ಟಕ್ಕಿಂತ ಇದರ ಬಾಯಿ ಕನಿಷ್ಠ 10 ಸೆಂ.ಮೀ. ಕೆಳಗಿರಲಿ, ಮೇಲಿದ್ದರೆ ಸುಳಿ ಎದ್ದು ಗಾಳಿ ಎಳೆಯುತ್ತದೆ. ಇನ್ನೊಂದು ತೂತಿಗೆ ಉದ್ದನೆಯ ತೆರೆದ ಪೈಪು, ಬಾಯಿ ಕೋಡಿಯ ಅಂಚಿಗಿಂತ 4 ಸೆಂ.ಮೀ. ಕೆಳಗೆ. ಇದಕ್ಕೆ ವಾಲ್ವ್ ಬೇಡ, ಜಾಲರಿಯೂ ಬೇಡ. ಬಾಕ್ಸಿನೊಳಗಿನ ಈ ಎರಡು ಪೈಪುಗಳಿಗೂ ಸಲ್ಯೂಷನ್ (ಪಿವಿಸಿ ಅಂಟು) ಹಚ್ಚಬೇಡಿ. ತೂತಿಗೆ ನಟ್ಟಿನಿಂದ ಬಿಗಿದಿರುವ ಟ್ಯಾಂಕ್ ನಿಪ್ಪಲಿಗೆ ಬಿಗಿಯಾಗಿ ಒತ್ತಿ ಕೂರಿಸಿದರೆ ಸಾಕು, ತೊಳೆಯಲು ಕಿತ್ತುಕೊಳ್ಳಬಹುದು. ಟ್ಯಾಂಕಿನ ಕೆಳಗಿನ ಕೀಲುಗಳಿಗೆ ಮಾತ್ರ ಸಲ್ಯೂಷನ್ ಹಚ್ಚಿ, ಒಂದು ದಿನ ಒಣಗಲು ಬಿಟ್ಟು, ನೀರು ಹಾಯಿಸಿ ತೊಳೆದು ಬಳಸಿ. ನಿಪ್ಪಲಿನ ನಟ್ಟನ್ನು ಪಾನಾ ಹಾಕಿ ತಿರುಚಬೇಡಿ. ಕೈಯಲ್ಲಿ ಬಿಗಿದ ಮೇಲೆ ಕಾಲು ಸುತ್ತು ಸಾಕು. ಗಾಜು ಸೀಳುವುದು ಇಲ್ಲೇ.

ಸೈಫನ್ ಪೈಪಿನ ಕೆಳತುದಿ ಸಂಪ್ ಟ್ಯಾಂಕಿನ ನೀರಿನಲ್ಲಿ 2 ಸೆಂ.ಮೀ. ಮಾತ್ರ ಮುಳುಗಿರಲಿ. ಒಂದು ಗೇಣು ಮುಳುಗಿಸಿದರೆ ಕರೆಂಟ್ ಬಂದಾಗ ಪೈಪಿನ ಗಾಳಿ ಹೊರಹೋಗಲಾರದೆ ಸೈಫನ್ ಶುರುವಾಗುವುದೇ ಇಲ್ಲ. ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವ ಕಡೆ ಈ 2 ಸೆಂ.ಮೀ. ಲೆಕ್ಕವನ್ನು ಸಡಿಲ ಬಿಡಬೇಡಿ. ವಾಲ್ವನ್ನು ಕೆಳಗೆ, ಸಂಪಿನ ಹತ್ತಿರ ಕೂರಿಸಿ. ಪಿವಿಸಿ ಗೇಟ್ ವಾಲ್ವ್ ಸಿಕ್ಕರೆ ಅದು. ಹಾರ್ಡ್‌ವೇರ್ ಅಂಗಡಿಯಲ್ಲಿ ಬಾಲ್ ವಾಲ್ವ್ ಮಾತ್ರ ಇದ್ದರೆ ಅದೂ ನಡೆಯುತ್ತದೆ, ಕೂದಲೆಳೆಯಷ್ಟು ತಿರುಗಿಸುವ ತಾಳ್ಮೆ ಬೇಕು. ಹಿತ್ತಾಳೆಯದು ಬೇಡ. ಅದರಲ್ಲಿ ತಾಮ್ರವಿದೆ, ಸೀಗಡಿ ಮತ್ತು ಬಸವನಹುಳುಗಳಿಗೆ ಆಗದು.

ಹೊಂದಿಸುವುದು ಹೀಗೆ: ವಾಲ್ವ್ ಪೂರ್ತಿ ತೆರೆದು ಪಂಪ್ ಹಾಕಿ. ಒಂದೆರಡು ನಿಮಿಷ ಗಾಳಿ ಉಗುಳಿದ ಮೇಲೆ ಸ್ವಲ್ಪ ಸ್ವಲ್ಪವೇ ಮುಚ್ಚಿ. ಪ್ರತಿ ತಿರುವಿಗೂ ಐದು ನಿಮಿಷ ಕಾಯಿರಿ. ಬಾಕ್ಸಿನ ನೀರು ಏರಿ ಎರಡನೆಯ ಪೈಪಿಗೆ ಬೆರಳ ದಪ್ಪಕ್ಕಿಂತ ತೆಳುವಾದ ಧಾರೆ ಇಳಿಯತೊಡಗಿದಾಗ ನಿಲ್ಲಿಸಿ. ಎರಡನೆಯದು ಪೂರ್ತಿ ಒಣಗಿರಬೇಕು ಎನ್ನುವವರಿದ್ದಾರೆ. ಹಾಗೆ ಮಾಡಿದರೆ ವಾರಕ್ಕೊಮ್ಮೆ ವಾಲ್ವ್ ಮುಟ್ಟಬೇಕಾಗುತ್ತದೆ. ತೆಳು ಧಾರೆ ಬಿಟ್ಟರೆ ಸಣ್ಣ ಏರಿಳಿತವನ್ನು ಅದೇ ನುಂಗುತ್ತದೆ. ನನ್ನ ಒಲವು ಧಾರೆಯ ಕಡೆಗೆ. ಏಪ್ರಿಲ್, ಮೇ ತಿಂಗಳಲ್ಲಿ ಮತ್ತೆ ಸದ್ದು ಬಂದರೆ ವಾಲ್ವ್ ಮುಟ್ಟುವ ಮೊದಲು ಸಂಪ್ ನೋಡಿ. ಆವಿಯಾದ ನೀರೆಲ್ಲ ಕಡಿಮೆಯಾಗುವುದು ಪಂಪಿನ ಕೋಣೆಯಲ್ಲಿ, ಅಂದರೆ ಸಂಪಿನೊಳಗೆ ಪಂಪ್ ಇರುವ ಭಾಗದಲ್ಲಿ. ಅಲ್ಲಿ ಮಟ್ಟ ಇಳಿದಂತೆ ಪಂಪ್ ಎತ್ತಬೇಕಾದ ಎತ್ತರ ಹೆಚ್ಚಿ, ನೀರು ಕಡಿಮೆಯಾಗಿ, ಸೈಫನ್ ಗಾಳಿ ನುಂಗುತ್ತದೆ. ಆರ್‌ಒ ನೀರು ತುಂಬಿಸಿದರೆ ಸರಿಹೋಗುತ್ತದೆ. ಬೋರ್ ನೀರು ತುಂಬಿಸುತ್ತ ಹೋದರೆ ಆವಿಯಾಗದ ಉಪ್ಪು ದಿನದಿನಕ್ಕೂ ಕೂಡುತ್ತದೆ.

ಎರಡು ಪರೀಕ್ಷೆ ಮಾಡದೆ ಮಲಗಬೇಡಿ. ಪಂಪ್ ಓಡುತ್ತಿರುವಾಗಲೇ ಸೈಫನ್ ವಾಲ್ವ್ ಪೂರ್ತಿ ಮುಚ್ಚಿ: ಎರಡನೆಯ ಪೈಪು ಒಂದೇ ಎಲ್ಲ ನೀರನ್ನೂ ಹೊರಬೇಕು. ಗಲಾಟೆ ಮಾಡಿದರೆ ಮಾಡಲಿ, ಅದೇ ನಿಮಗೆ ಎಚ್ಚರಿಕೆ ಗಂಟೆ. ಟ್ಯಾಂಕಿನ ಮಟ್ಟ ಏರುತ್ತಲೇ ಹೋದರೆ ಪಂಪ್ ದೊಡ್ಡದಾಯಿತು. ಎರಡನೆಯದು, ಸ್ವಿಚ್ ಆರಿಸಿ ಹತ್ತು ನಿಮಿಷ ಬಿಟ್ಟು ಹಾಕುವುದನ್ನು ನಾಲ್ಕೈದು ಸಲ ಮಾಡಿ. ಪ್ರತಿ ಸಲವೂ ಸೈಫನ್ ತಾನಾಗಿ ಶುರುವಾಗಬೇಕು.

ಕರೆಂಟ್ ಹೋದಾಗ ಕೆಳಗಿಳಿಯುವ ನೀರಿನ ಲೆಕ್ಕ ಬಹಳ ಮಂದಿ ಮಾಡುವುದಿಲ್ಲ. ನಿಮ್ಮ ಟ್ಯಾಂಕಿನ ಮೇಲ್ಮೈ 120 × 45 ಸೆಂ.ಮೀ., ಅಂದರೆ ಒಂದು ಸೆಂ.ಮೀ. ಇಳಿದರೆ 5.4 ಲೀಟರ್. 30 ಸೆಂ.ಮೀ. ಉದ್ದದ ನೇರ ಕೋಡಿಯ ಮೇಲೆ ಗಂಟೆಗೆ 1800 ಲೀಟರ್ ಹರಿಯುವಾಗ ನೀರು ಸುಮಾರು 1 ಸೆಂ.ಮೀ. ಎದ್ದಿರುತ್ತದೆ. ಅಂಚಿಗೆ ಬಾಚಣಿಗೆಯಂಥ ಹಲ್ಲುಗಳಿದ್ದು ಉದ್ದದ ಅರ್ಧ ಮುಚ್ಚಿದ್ದರೆ ಒಂದೂವರೆ ಸೆಂ.ಮೀ. ಅಷ್ಟು ನೀರು ಇಳಿದೇ ಇಳಿಯುತ್ತದೆ. ಬಾಕ್ಸಿನೊಳಗಿನದು 15 × 15 ಸೆಂ.ಮೀ. ಅಡಿ, 30 ಸೆಂ.ಮೀ. ಇಳಿತ ಎಂದರೂ 7 ಲೀಟರಿಗೆ ಸ್ವಲ್ಪ ಕಡಿಮೆ. ಆದರೆ ರಿಟರ್ನ್ ಬಾಯಿ 5 ಸೆಂ.ಮೀ. ಮುಳುಗಿದ್ದರೆ ಅದೇ ಹಿಂದುಮುಂದಾಗಿ ಸೈಫನ್ ಆಗಿ 27 ಲೀಟರ್ ಎಳೆದು ಹಾಕುತ್ತದೆ. ಅದಕ್ಕಾಗಿ ರಿಟರ್ನ್ ಪೈಪಿಗೆ ನೀರಿನ ಮಟ್ಟದಿಂದ 1 ಸೆಂ.ಮೀ. ಕೆಳಗೆ 3 ಮಿ.ಮೀ. ತೂತು ಎರಡು ಕೊರೆಯಿರಿ. ಒಂದಕ್ಕೆ ಪಾಚಿ ಕಟ್ಟಿದರೂ ಇನ್ನೊಂದು ಗಾಳಿ ಬಿಟ್ಟು ಸೈಫನ್ ಕಡಿಯುತ್ತದೆ. ಎಲ್ಲ ಸೇರಿ 15 ಲೀಟರಿನೊಳಗೆ ನಿಲ್ಲುತ್ತದೆ. ಸಂಪಿನಲ್ಲಿ 25 ಲೀಟರಿನ ಖಾಲಿ ಜಾಗ ಇಟ್ಟರೆ ನಿಶ್ಚಿಂತೆ. ನೀರು ಹಿಂದಕ್ಕೆ ಬಾರದಂತೆ ತಡೆಯುವ ಚೆಕ್ ವಾಲ್ವ್ ನಂಬಬೇಡಿ, ಒಂದು ಮರಳುಕಣ ಸಾಕು ಅದು ಮುಚ್ಚದಿರಲು.

ಉಲ್ಟಾ ಲೆಕ್ಕವೂ ಇದೆ. ಇಳಿಪೈಪುಗಳೆಲ್ಲ ಕಟ್ಟಿದರೆ ಪಂಪ್ ತನ್ನ ಕೋಣೆಯ ನೀರನ್ನು ಮಾತ್ರ ಮೇಲೆ ಸಾಗಿಸಬಲ್ಲದು. ಓಡುವಾಗಿನ ನೀರಿನ ಮಟ್ಟಕ್ಕೂ ಟ್ಯಾಂಕಿನ ಅಂಚಿಗೂ ನಡುವೆ 4 ಸೆಂ.ಮೀ. ಇದ್ದರೆ 21 ಲೀಟರಿಗೆ ಜಾಗವಿದೆ. ಪಂಪಿನ ಕೋಣೆಯಲ್ಲಿ ಅದಕ್ಕಿಂತ ಕಡಿಮೆ ನೀರಿರುವಂತೆ ಗಾಜಿನ ತಡೆ ಕೂರಿಸಿದರೆ, ಎಲ್ಲ ಕೈಕೊಟ್ಟರೂ ಪಂಪ್ ಒಣಗಿ ನಿಲ್ಲುತ್ತದೆ, ನೆಲ ಒದ್ದೆಯಾಗುವುದಿಲ್ಲ. ಪಂಪ್ ಸುಟ್ಟರೆ ಸುಡಲಿ. ತಾನೇ ನೀರು ತುಂಬಿಸುವ ಫ್ಲೋಟ್ ವಾಲ್ವನ್ನು ಆ ಕೋಣೆಗೆ ಮನೆಯ ನಲ್ಲಿಯಿಂದ ಜೋಡಿಸಿದ್ದರೆ ಮಾತ್ರ ಈ ಲೆಕ್ಕವೆಲ್ಲ ನೀರುಪಾಲು.

ಮೂರು ಪೈಪಿನ ಬೀನ್‌ಅನಿಮಲ್‌ಗೆ ಮೂರನೆಯ ತೂತು ಬೇಕು. ತಳದ ಗಾಜು ಟಫನ್ಡ್ ಆಗಿದ್ದರೆ ಡ್ರಿಲ್ ತಾಗಿದೊಡನೆ ಚೂರುಚೂರು. ಸಾದಾ ಗಾಜಾದರೂ ಟ್ಯಾಂಕ್ ಖಾಲಿ ಮಾಡಿ, ಡೈಮಂಡ್ ಕೋರ್ ಬಿಟ್ಟಿನಲ್ಲಿ ನೀರು ಬಿಡುತ್ತ ನಿಧಾನಕ್ಕೆ ಕೊರೆಯಬೇಕು. ತೂತಿನ ಅಂಚಿನಿಂದ ಗಾಜಿನ ಅಂಚಿಗೆ ಕಡೇಪಕ್ಷ ತೂತಿನ ವ್ಯಾಸದಷ್ಟು ದೂರ. ಆರಡಿಯ ಟ್ಯಾಂಕ್ ಹೊಸದಾಗಿ ಕಟ್ಟಿಸುವಾಗ ಮಾಡಿಸಿಕೊಳ್ಳಿ. ಈ ಟ್ಯಾಂಕಿಗೆ ಅಷ್ಟು ಬೇಡ.

ಅಂಗಡಿಯವರ ‘ಪೇಟೆಂಟ್’

ಡುರ್ಸೊ, ಹರ್ಬಿ, ಬೀನ್‌ಅನಿಮಲ್ ಮೂರೂ ಹವ್ಯಾಸಿಗಳ ನಡುವೆ ಹುಟ್ಟಿ, 2010ಕ್ಕೆ ಮೊದಲೇ ಚಿತ್ರ, ಅಳತೆ ಸಮೇತ ಎಲ್ಲರ ಮುಂದೆ ಬಂದವು. ಹೀಗೆ ಬಹಿರಂಗವಾದದ್ದನ್ನು ಇಂದು ಯಾರೂ ಭಾರತದಲ್ಲಿ ಹೊಸದೆಂದು ಹೇಳಿಕೊಳ್ಳುವಂತಿಲ್ಲ. 1970ರ ಪೇಟೆಂಟ್ ಕಾಯ್ದೆಯ ದೃಷ್ಟಿಯಲ್ಲಿ ಜಗತ್ತಿನ ಎಲ್ಲೇ ಪ್ರಕಟವಾದರೂ ಅದು ಪ್ರಕಟವಾದಂತೆಯೇ. ಹಾಗಿದ್ದರೂ ಒಂದು ಕಂಪನಿಯ ನಿರ್ದಿಷ್ಟ ಓವರ್‌ಫ್ಲೋ ಬಾಕ್ಸಿನ ಯಾವುದೋ ಒಂದು ಭಾಗಕ್ಕೆ ಪೇಟೆಂಟ್ ಇರಲು ಸಾಧ್ಯ. ಆದ್ದರಿಂದ ಅಂಗಡಿಯವರೊಂದಿಗೆ ವಾದ ಬೇಡ, ನಂಬರ್ ಕೇಳಿ.

ನಂಬರ್ ಸಿಕ್ಕರೆ ಪೇಟೆಂಟ್ ಕಚೇರಿಯ ‘ಇನ್‌ಪಾಸ್’ ಹುಡುಕಾಟದಲ್ಲಿ ಪುಕ್ಕಟೆಯಾಗಿ ನೋಡಬಹುದು. ಮೊದಲು, ಅದು ಭಾರತದ್ದೇ? ಅಮೆರಿಕದ ಪೇಟೆಂಟಿಗೆ ಬಳ್ಳಾರಿಯಲ್ಲಿ ಬಲವಿಲ್ಲ, ‘ವಿಶ್ವ ಪೇಟೆಂಟ್’ ಎಂಬುದೂ ಇಲ್ಲ. ಮಂಜೂರಾಗಿದೆಯೇ, ಬರೀ ಅರ್ಜಿಯೇ? ಅರ್ಜಿ ಪ್ರಕಟವಾಗಿದ್ದರೂ ಮಂಜೂರಾಗುವವರೆಗೆ ದಾವೆ ಹೂಡುವಂತಿಲ್ಲ. ನವೀಕರಣ ಶುಲ್ಕ ಕಟ್ಟುತ್ತಿದ್ದಾರೆಯೇ? ಕಟ್ಟದಿದ್ದರೆ ಬಿದ್ದುಹೋಗುತ್ತದೆ, ಕಟ್ಟಿದರೂ ಅರ್ಜಿಯ ದಿನದಿಂದ 20 ವರ್ಷಕ್ಕೆ ಮುಗಿಯುತ್ತದೆ. ಕೊನೆಗೆ ‘ಕ್ಲೇಮ್ಸ್’ ಭಾಗ ಓದಿ. ಶೀರ್ಷಿಕೆ, ಚಿತ್ರ ಏನೇ ಇರಲಿ, ಹಕ್ಕು ಇರುವುದು ಕ್ಲೇಮಿನಲ್ಲಿ ಬರೆದಷ್ಟಕ್ಕೇ. ಮೊದಲ ಕ್ಲೇಮಿನಲ್ಲಿ ಐದು ಅಂಶಗಳಿದ್ದು ನಿಮ್ಮದರಲ್ಲಿ ನಾಲ್ಕೇ ಇದ್ದರೆ ಸಾಮಾನ್ಯವಾಗಿ ನೀವು ಅದರ ಹೊರಗಿದ್ದೀರಿ.

ನಂಬರ್ ಕೊಡದೆ ಬೆದರಿಸುತ್ತಲೇ ಇದ್ದರೆ ಕಾಯ್ದೆಯ 106ನೇ ಕಲಂ ನಿಮ್ಮ ಕಡೆಗಿದೆ: ಆಧಾರವಿಲ್ಲದ ಉಲ್ಲಂಘನೆ ಬೆದರಿಕೆಯ ವಿರುದ್ಧ ತಡೆಯಾಜ್ಞೆ, ನಷ್ಟ ಪರಿಹಾರ ಕೇಳಬಹುದು. ‘ಇಂಥ ಪೇಟೆಂಟ್ ಇದೆ’ ಎಂದು ತಿಳಿಸುವುದಷ್ಟೇ ಬೆದರಿಕೆಯಲ್ಲ, ಅದೂ ನೆನಪಿರಲಿ. ಇಲ್ಲದ ಪೇಟೆಂಟನ್ನು ಇದೆಯೆಂದು ವಸ್ತುವಿನ ಮೇಲೆ ಬರೆದು ಮಾರುವುದಕ್ಕೆ 120ನೇ ಕಲಂ ಪ್ರಕಾರ 10 ಲಕ್ಷ ರೂಪಾಯಿವರೆಗೆ ದಂಡವಿದೆ. ನಿಮ್ಮ ಆರು ಸೆಟ್ಟಿನ ಮೇಲೆ ‘ಪೇಟೆಂಟೆಡ್’ ಎಂದು ಚೀಟಿ ಅಂಟಿಸುವ ಮನಸ್ಸಿದ್ದರೆ ಬಿಟ್ಟುಬಿಡಿ.

ಹವ್ಯಾಸಿಗಳು ಮನೆಗೆ ಮಾಡಿಕೊಂಡರೆ ಪೇಟೆಂಟ್ ಅಡ್ಡ ಬರುವುದಿಲ್ಲ ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ನಮ್ಮ ಕಾಯ್ದೆಯಲ್ಲಿ ಪ್ರಯೋಗ, ಸಂಶೋಧನೆ, ವಿದ್ಯಾರ್ಥಿಗಳಿಗೆ ಕಲಿಸುವುದಕ್ಕೆ ವಿನಾಯಿತಿ ಇದೆ. ಮನೆಬಳಕೆಗೆ ಎಂದೇ ಬರೆದ ವಿನಾಯಿತಿ ಇಲ್ಲ. ಒಂದು ಪೈಪಿಗಾಗಿ ಮನೆಗೆ ನೋಟಿಸ್ ಕಳಿಸುವವರು ಇರಲಿಕ್ಕಿಲ್ಲ, ಆದರೆ ದುಡ್ಡು ತೆಗೆದುಕೊಂಡು ಮಾಡಿಕೊಟ್ಟ ಕ್ಷಣ ನೀವು ಮಾರಾಟಗಾರರು.

ನಿಮ್ಮದಕ್ಕೆ ಸಿಗುತ್ತದೆಯೇ?

ವಿಡಿಯೊದಲ್ಲಿ ತೋರಿಸಿದ ರೂಪಕ್ಕೆ ಸಿಗುವುದಿಲ್ಲ. ಅರ್ಜಿಗೆ ಮೊದಲೇ ಸಂಶೋಧಕ ತಾನೇ ಬಹಿರಂಗ ಮಾಡಿದರೂ ಹೊಸತನ ಹೋಯಿತು. ಅಮೆರಿಕದಲ್ಲಿರುವಂತೆ ಒಂದು ವರ್ಷದ ಸಾಮಾನ್ಯ ರಿಯಾಯಿತಿ ಇಲ್ಲಿಲ್ಲ. ಸರ್ಕಾರ ಅಧಿಸೂಚಿಸಿದ ಪ್ರದರ್ಶನ, ವಿದ್ವತ್ ಸಂಸ್ಥೆಯ ಮುಂದೆ ಓದಿದ ಪ್ರಬಂಧದಂಥ ಕೆಲವಕ್ಕೆ 12 ತಿಂಗಳು ಇದೆ. ಯೂಟ್ಯೂಬ್ ಆ ಪಟ್ಟಿಯಲ್ಲಿ ಬರುವುದಿಲ್ಲ. ಕ್ಯಾಪ್ ಮುಚ್ಚಿಕೊಂಡೇ ಹೊರಗಿನಿಂದ ತೋರಿಸಿದ್ದರೆ ವಾದಕ್ಕೆ ಜಾಗವಿತ್ತು, ನೀವು ಬಿಚ್ಚಿ ತೋರಿಸಿದ್ದೀರಿ. ಆರು ಮಂದಿಗೆ ಮಾರಿದ್ದೂ ಇದೆ.

ವಿಡಿಯೊ ಇರದಿದ್ದರೂ ದಾರಿ ಸುಲಭವಿರಲಿಲ್ಲ. ಗೊತ್ತಿರುವ ಸಾಧನಗಳನ್ನು ಬರೀ ಪಕ್ಕಪಕ್ಕ ಜೋಡಿಸಿ, ಪ್ರತಿಯೊಂದೂ ತನ್ನ ಪಾಡಿಗೆ ಹಳೆ ಕೆಲಸವನ್ನೇ ಮಾಡಿದರೆ 3(ಎಫ್) ಕಲಂ ಅದನ್ನು ಆವಿಷ್ಕಾರವೆನ್ನುವುದಿಲ್ಲ. ನಿಮ್ಮ ಫ್ಲೋಟ್ ಮತ್ತು ಪೈಪು ಒಂದರ ಮೇಲೊಂದು ಪರಿಣಾಮ ಬೀರುತ್ತವೆ, ಆ ತಡೆಯನ್ನು ದಾಟಬಹುದು. ಮುಂದಿನದು ಕಷ್ಟ: ಈ ಕಸುಬು ಬಲ್ಲವನಿಗೆ ಸಹಜವಾಗಿ ಹೊಳೆಯದಂಥದ್ದು ಇದರಲ್ಲಿ ಏನಿದೆ? ನಿಮ್ಮ ಸುತ್ತಲ ಹೊಲಗಳ ಪೈಪ್‌ಲೈನಿನ ಏರ್ ವಾಲ್ವ್ ಬಿಚ್ಚಿ ನೋಡಿ. ನೀರು ಏರಿದಾಗ ಒಳಗಿನ ಚೆಂಡು ತೇಲಿ ಗಾಳಿಯ ಬಾಯಿ ಮುಚ್ಚುತ್ತದೆ. ಪರೀಕ್ಷಕರು ಒಂದು ಕೈಯಲ್ಲಿ ಬೀನ್‌ಅನಿಮಲ್ ಗಾಳಿನಳಿಗೆ, ಇನ್ನೊಂದರಲ್ಲಿ ಆ ಏರ್ ವಾಲ್ವ್ ಹಿಡಿದು, ಎರಡನ್ನೂ ಸೇರಿಸುವುದರಲ್ಲಿ ಹೊಸದೇನು ಎಂದು ಕೇಳುತ್ತಾರೆ.

ಬಾಗಿಲು ಪೂರ್ತಿ ಮುಚ್ಚಿಲ್ಲ. ಸುಣ್ಣ ಕಟ್ಟಿದರೂ ಸಿಕ್ಕಿಕೊಳ್ಳದ ಕೀಲು, ಪ್ರತಿ ಸಲ ಕರೆಂಟ್ ಹೋಗಿ ಬಂದಾಗ ತಾನೇ ಒಮ್ಮೆ ಅಲ್ಲಾಡಿ ತನ್ನನ್ನೇ ಪರೀಕ್ಷಿಸಿಕೊಳ್ಳುವ ಫ್ಲೋಟ್, ಇಂಥದ್ದೇನಾದರೂ ನಿಮ್ಮ ತಲೆಯಲ್ಲಿದ್ದು ಇನ್ನೂ ಯಾರಿಗೂ ತೋರಿಸಿಲ್ಲವಾದರೆ, ಹೊಸತನ ಇರುವುದು ಅಲ್ಲಿ. ಹಾಗಿದ್ದರೆ ಬಾಯಿ ಬಿಡುವ ಮೊದಲು ತಾತ್ಕಾಲಿಕ ವಿವರಣೆಯೊಂದಿಗೆ ಅರ್ಜಿ ಹಾಕಿ. ಕರ್ನಾಟಕ ಚೆನ್ನೈ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಬರುತ್ತದೆ, ಆನ್‌ಲೈನಿನಲ್ಲೇ ಆಗುತ್ತದೆ. ವ್ಯಕ್ತಿಗತ ಅರ್ಜಿಗೆ ಸರ್ಕಾರಿ ಶುಲ್ಕ 1600 ರೂಪಾಯಿ. ಪೂರ್ಣ ವಿವರಣೆಗೆ 12 ತಿಂಗಳ ಗಡುವು, ತಪ್ಪಿದರೆ ಅರ್ಜಿ ಕೈಬಿಟ್ಟಂತೆ. ಪರೀಕ್ಷೆಗೆ ಪ್ರತ್ಯೇಕ ಕೋರಿಕೆ, 4000 ರೂಪಾಯಿ. ಇವು ಸಣ್ಣ ಖರ್ಚು. ಏಜೆಂಟರ ಶುಲ್ಕ, ಮೂರನೇ ವರ್ಷದಿಂದ ನವೀಕರಣ, ಯಾರಾದರೂ ನಕಲು ಮಾಡಿದರೆ ಜಿಲ್ಲಾ ನ್ಯಾಯಾಲಯಕ್ಕಿಂತ ಕೆಳಗೆ ಹೂಡಲಾಗದ ದಾವೆ, ಎದುರಾಳಿ ಪೇಟೆಂಟೇ ರದ್ದಾಗಲಿ ಎಂದು ಪ್ರತಿದಾವೆ ಹಾಕಿದರೆ ಹೈಕೋರ್ಟಿಗೆ ಹೋಗುವ ಪ್ರಕರಣ, ಇವು ದೊಡ್ಡವು. ವರ್ಷಕ್ಕೆ ಹತ್ತಿಪ್ಪತ್ತು ಸೆಟ್ ಮಾರುವವರಿಗೆ ಈ ಗಣಿತ ಕೂಡುವುದಿಲ್ಲ. ಹೆಸರು ಉಳಿಸಿಕೊಳ್ಳುವ ಆಸೆಯಿದ್ದರೆ ಟ್ರೇಡ್‌ಮಾರ್ಕ್ ಹೆಚ್ಚು ಉಪಯೋಗಕ್ಕೆ ಬರುತ್ತದೆ. ವ್ಯಕ್ತಿಗೆ ಒಂದು ವರ್ಗಕ್ಕೆ ಆನ್‌ಲೈನ್ ಶುಲ್ಕ 4500 ರೂಪಾಯಿ. ವಿನ್ಯಾಸ ನೋಂದಣಿ ರೂಪಕ್ಕೆ ಮಾತ್ರ, ಕೆಲಸ ಮಾಡುವ ಬಗೆಗಲ್ಲ. ಚಿತ್ರವನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ತನಗೆ ತಾನೇ ಕಳಿಸಿಕೊಂಡರೆ ಹಕ್ಕು ಸಿಗುತ್ತದೆ ಎನ್ನುವುದು ಬರೀ ಕಟ್ಟುಕತೆ.

ನಿಮ್ಮದನ್ನು ಬೇರೆಯವರು ಪೇಟೆಂಟ್ ಮಾಡಿಸಿಕೊಂಡರೆ ಎಂಬ ಭಯಕ್ಕೆ ಮದ್ದು ನಿಮ್ಮ ಆ ವಿಡಿಯೊವೇ. ಅದರ ದಿನಾಂಕಕ್ಕಿಂತ ಆಮೇಲೆ ಯಾರೇ ಅದೇ ವಸ್ತುವಿಗೆ ಅರ್ಜಿ ಹಾಕಿದರೂ, ಪ್ರಕಟವಾದ ಮೇಲೆ, ಮಂಜೂರಾಗುವ ಮೊದಲು 25(1) ಕಲಂ ಅಡಿ ಯಾರು ಬೇಕಾದರೂ ಆಕ್ಷೇಪ ಸಲ್ಲಿಸಬಹುದು. ಮಂಜೂರಾದ ಮೇಲಾದರೆ, ಮಂಜೂರಾತಿ ಪ್ರಕಟವಾದ ದಿನದಿಂದ ಒಂದು ವರ್ಷದೊಳಗೆ, ಹಿತಾಸಕ್ತಿ ಇರುವವರು. ವಿಡಿಯೊ ಅಳಿಸಬೇಡಿ, ಖಾಸಗಿಯಾಗಿಸಬೇಡಿ. ಸನ್ನೆಯ ಉದ್ದ, ತೂತಿನ ಅಳತೆ, ಫ್ಲೋಟಿನ ಗಾತ್ರ, ಫ್ಲೋಟ್ ಬದಲು ಚೆಂಡು ಹಾಕಿದರೆ ಹೇಗೆ, ಸನ್ನೆಯ ಬದಲು ನೇರ ಕಡ್ಡಿಯಾದರೆ ಹೇಗೆ ಎಂಬುದನ್ನೆಲ್ಲ ಚಿತ್ರ ಸಮೇತ ಬರೆದು ಇನ್ನೊಮ್ಮೆ ಪ್ರಕಟಿಸಿ. ಆ ಸೇರ್ಪಡೆಗಳಿಗೆ ಲೆಕ್ಕ ಅಂದಿನ ದಿನಾಂಕದಿಂದ. ಮುಂದೆ ಅರ್ಜಿ ಹಾಕುವ ಯೋಚನೆಯಿರುವ ಭಾಗವನ್ನು ಮಾತ್ರ ಅದರಲ್ಲಿ ಸೇರಿಸಬೇಡಿ.

ನೀವು ಕೇಳದಿದ್ದರೂ ಹೇಳಬೇಕಾದ್ದು ಆ ಆರು ಸೆಟ್ಟುಗಳ ಬಗ್ಗೆ. ಪೇಟೆಂಟ್ ಕೇಸಿಗಿಂತ, ಸಿಂಧನೂರಿನ ಯಾರದೋ ಮನೆಯಲ್ಲಿ ಫ್ಲೋಟ್ ಏಳದೆ ನೀರು ಹರಿದು ಇನ್ವರ್ಟರ್ ಕೆಡುವ ಸಂಭವವೇ ಹೆಚ್ಚು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೋಷವಿರುವ ವಸ್ತುವಿಗಷ್ಟೇ ಅಲ್ಲ, ಸರಿಯಾದ ಸೂಚನೆ ಕೊಡದಿದ್ದಕ್ಕೂ ತಯಾರಕರು ಹೊಣೆ. ಆ ಆರೂ ಮಂದಿಗೆ ಈ ವಾರವೇ ಫೋನ್ ಮಾಡಿ, ಒಂಟಿ ಪೈಪಿನವರು ಯಾರೆಂದು ಕೇಳಿ, ಎರಡನೆಯ ಪೈಪು ಹಾಕುವವರೆಗೆ ಪಂಪನ್ನು ಇಳಿಸಿ ಓಡಿಸಲು ಹೇಳಿ. ಮುಂದಿನ ಸೆಟ್ಟುಗಳ ಜೊತೆ ಒಂದು ಚೀಟಿ ಇಡಿ: ಇದು ಆಪತ್ತಿನ ಪೈಪಿಗೆ ಬದಲಿಯಲ್ಲ, ತಿಂಗಳಿಗೊಮ್ಮೆ ವಿನೆಗರಿನಲ್ಲಿ ತೊಳೆಯಿರಿ, ತೊಳೆದ ಮೇಲೆ ಪಂಪ್ ಓಡುತ್ತಿರುವಾಗ ಪೈಪಿನ ಕೆಳತುದಿಯನ್ನು ಅಂಗೈಯಿಂದ ಅರೆಬರೆ ಮುಚ್ಚಿ ಬಾಕ್ಸಿನ ನೀರು ಏರಿಸಿ, ಫ್ಲೋಟ್ ಏಳುವುದನ್ನು ಕಣ್ಣಾರೆ ನೋಡಿ.